ಮಾರಾಟವಾಗದ ಗಿಟಾರ್‌ಗೆ ಮನೆಯಷ್ಟು ಬೆಲೆ ಬಂದದ್ದು ಹೇಗೆ?

ಇವತ್ತಿನ ಸಂಚಿಕೆ ಎಲೆಕ್ಟ್ರಿಕ್ ಗಿಟಾರ್ ಬಗ್ಗೆ. ಗಿಟಾರ್ ನುಡಿಸೋಕೆ ಬರದವರು ಎದ್ದು ಹೋಗಬೇಡಿ. ಇದರಲ್ಲಿ ಸಂಗೀತ ಎಷ್ಟಿದೆಯೋ ವ್ಯಾಪಾರವೂ ಅಷ್ಟೇ ಇದೆ.

1960ರಿಂದ ಶುರು ಮಾಡೋಣ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಲಮಜೂ ಅಂತ ಒಂದು ಊರು, ಅಲ್ಲಿ ಗಿಬ್ಸನ್ ಕಂಪನಿಯ ಕಾರ್ಖಾನೆ. ಆ ವರ್ಷ ಅಲ್ಲಿ ಒಂದು ಗಿಟಾರ್‌ಗೆ ಮಂಗಳ ಹಾಡುವ ತಯಾರಿ ನಡೆದಿತ್ತು. ಅದರ ಹೆಸರು ಲೆಸ್ ಪಾಲ್ ಸ್ಟ್ಯಾಂಡರ್ಡ್. 1952ರಲ್ಲಿ ಚಿನ್ನದ ಬಣ್ಣ ಹೊತ್ತು ಮಾರುಕಟ್ಟೆಗೆ ಬಂದಿದ್ದ ಮಾಡೆಲ್ ಅದು. ಮೊದಮೊದಲು ಚೆನ್ನಾಗೇ ಓಡಿತು, ಆಮೇಲೆ ಬೇಡಿಕೆ ಇಳಿಯಿತು. 1958ರಲ್ಲಿ ಬಣ್ಣ ಬದಲಿಸಿ ನೋಡಿದರು. ನಡುವೆ ಹಳದಿ, ಅಂಚಿಗೆ ಹೋಗ್ತಾ ಚೆರ್ರಿ ಕೆಂಪು. ಈ ಬಣ್ಣಕ್ಕೆ ಸನ್‌ಬರ್ಸ್ಟ್ ಅಂತಾರೆ. ಬೆಲೆ 250 ಡಾಲರ್ ಆಸುಪಾಸು. ಆದರೂ ಜನ ತಗೊಳ್ಳಲಿಲ್ಲ. 1958, 59, 60 ಮೂರೂ ವರ್ಷ ಸೇರಿ ಕಾರ್ಖಾನೆಯಿಂದ ಹೊರಟದ್ದು ಸುಮಾರು 1500ರಿಂದ 1700 ಗಿಟಾರ್, ಅಷ್ಟೆ. ತೂಕ ಜಾಸ್ತಿ, ನೋಟ ಹಳೇ ಕಾಲದ್ದು ಅನ್ನೋದು ಆಗಿನ ಹುಡುಗರ ದೂರು. 1961ಕ್ಕೆ ಗಿಬ್ಸನ್ ಆ ಆಕಾರವನ್ನೇ ಕೈಬಿಟ್ಟು, ಎರಡು ಕೊಂಬಿನ ತೆಳ್ಳನೆಯ ಗಿಟಾರ್ ತಂದಿತು. ಇವತ್ತು ನಾವು ಎಸ್‌ಜಿ ಅಂತ ಕರೆಯೋದು ಅದನ್ನೇ.

ಈಗ, ಆವತ್ತು ಮಾರಾಟವಾಗದ ಆ ಗಿಟಾರ್, ಅದರಲ್ಲೂ 1959ರದ್ದು, ಹರಾಜಿಗೆ ಬಂದರೆ ಲಕ್ಷಗಟ್ಟಲೆ ಡಾಲರ್‌ಗೆ ಹೋಗುತ್ತೆ. ರೂಪಾಯಿ ಲೆಕ್ಕದಲ್ಲಿ ಕೋಟಿಗಳು. ಬೆಂಗಳೂರಿನಲ್ಲಿ ಒಂದು ಒಳ್ಳೆ ಫ್ಲ್ಯಾಟ್ ಬರುವಷ್ಟು ದುಡ್ಡು.

ಯಾಕೆ ಅಂತ ಕೇಳಿದರೆ ಗಿಟಾರ್ ಲೋಕದವರ ಬಾಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆ ನಾದ ಈಗಿನ ಗಿಟಾರ್‌ನಲ್ಲಿ ಬರಲ್ಲ. ಮರ ಒಣಗಿ ಹಣ್ಣಾಗಿದೆ, ಮ್ಯಾಗ್ನೆಟ್ ಮಾಗಿದೆ, ಅರವತ್ತು ವರ್ಷದ ಕಂಪನ ಮೈಯೊಳಗೆ ಇಳಿದಿದೆ. ಕೇಳೋಕೆ ಚೆನ್ನಾಗಿದೆ. ಎಷ್ಟು ನಿಜ ಅಂತ ನೋಡೋಣ.

ಅದಕ್ಕೆ ಮೊದಲು ಎಲೆಕ್ಟ್ರಿಕ್ ಗಿಟಾರ್‌ಗೆ ದನಿ ಎಲ್ಲಿಂದ ಬರುತ್ತೆ ಅನ್ನೋದನ್ನ ಎರಡು ನಿಮಿಷದಲ್ಲಿ ಹೇಳಿಬಿಡ್ತೀನಿ. ನಮ್ಮ ವೀಣೆ ತಗೊಳ್ಳಿ. ತಂತಿ ಮೀಟಿದರೆ ಕುದುರೆಯ ಮೂಲಕ ಕೊಡ ನಡುಗುತ್ತೆ, ಕೊಡ ಗಾಳಿಯನ್ನು ನಡುಗಿಸುತ್ತೆ, ಅದು ನಮ್ಮ ಕಿವಿಗೆ ಬರುತ್ತೆ. ಅಲ್ಲಿ ಮರವೇ ಸ್ಪೀಕರ್. ಹಲಸಿನ ಮರ ಎಂಥದ್ದು, ಎಷ್ಟು ಒಣಗಿದೆ, ಎಷ್ಟು ತೆಳುವಾಗಿ ಕೊರೆದಿದ್ದಾರೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಎಲೆಕ್ಟ್ರಿಕ್ ಗಿಟಾರ್ ಹಾಗಲ್ಲ. ಅದರ ಮೈ ಬಹುಪಾಲು ಗಟ್ಟಿ ಹಲಗೆ. ಉಕ್ಕಿನ ತಂತಿಯ ಕೆಳಗೆ ಒಂದು ಮ್ಯಾಗ್ನೆಟ್, ಅದರ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸಲ ಸುತ್ತಿದ ಸುರುಳಿ. ಇದೇ ಪಿಕಪ್. ಮೇಲಿನ ತಂತಿ ಅಲ್ಲಾಡಿದರೆ ಆಯಸ್ಕಾಂತ ಕ್ಷೇತ್ರ ಅಲ್ಲಾಡುತ್ತೆ, ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತೆ. ಆಂಪ್ಲಿಫೈಯರ್‌ಗೆ ಹೋಗೋದು ಆ ವಿದ್ಯುತ್ ಮಾತ್ರ. ಮರದ ಕಂಪನವನ್ನು ಪಿಕಪ್ ನೇರವಾಗಿ ಕೇಳಿಸಿಕೊಳ್ಳೋದೇ ಇಲ್ಲ. ತಂತಿ ಹೇಗೆ ಅಲ್ಲಾಡುತ್ತೆ, ಎಷ್ಟು ಹೊತ್ತು ಅಲ್ಲಾಡುತ್ತೆ ಅನ್ನೋದರ ಮೇಲೆ ಮರಕ್ಕೆ ಒಂಚೂರು ಹಿಡಿತ ಇರಬಹುದು. ಆದರೆ ಆಂಪ್‌ನಿಂದ ಹೊರಗೆ ಬರುವ ನಾದದ ಬಣ್ಣವನ್ನು ಬಹುಪಾಲು ತೀರ್ಮಾನ ಮಾಡೋದು ಪಿಕಪ್, ಅದು ಕೂತಿರುವ ಜಾಗ, ವಾಲ್ಯೂಮ್ ಮತ್ತು ಟೋನ್ ತಿರುಗಣೆಯ ಹಿಂದಿರುವ ಬಿಡಿಭಾಗಗಳು, ಕೇಬಲ್, ಆಂಪ್, ಸ್ಪೀಕರ್. ನುಡಿಸುವವರ ಬೆರಳನ್ನೂ ಮರೆಯಬೇಡಿ.

ನ್ಯಾಶ್‌ವಿಲ್‌ನ ಸಂಗೀತಗಾರ ಜಿಮ್ ಲಿಲ್ ಅಂತ ಒಬ್ಬರಿದ್ದಾರೆ. ಗಿಟಾರ್‌ನ ಬಾಡಿಯೂ ಇಲ್ಲದೆ, ನೆಕ್ಕೂ ಇಲ್ಲದೆ, ಬರೀ ಗಾಳಿಯಲ್ಲಿ ತಂತಿ ಎಳೆದು ಕಟ್ಟಿ, ಕೆಳಗೆ ಪಿಕಪ್ ಇಟ್ಟು ನುಡಿಸಿ ಯೂಟ್ಯೂಬ್‌ಗೆ ಹಾಕಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಮರದ ಬಗ್ಗೆ ವಾದ ಮಾಡುವ ಉತ್ಸಾಹ ಸ್ವಲ್ಪ ಕಡಿಮೆಯಾಗುತ್ತೆ.

ಹಾಗಾದರೆ 1959ರ ಗಿಟಾರ್‌ನ ಪಿಕಪ್‌ನಲ್ಲೇ ಏನೋ ವಿಶೇಷ ಇರಬೇಕಲ್ಲ? ಇದೆ. ಅದರ ಕಥೆ ನನಗೆ ತುಂಬಾ ಇಷ್ಟ.

ಒಂದೇ ಸುರುಳಿಯ ಪಿಕಪ್‌ಗೆ ಒಂದು ರೋಗವಿದೆ: ಕರೆಂಟಿನ ಗುಂಯ್‌ಗುಡುವಿಕೆ. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಬಲ್ಬು, ಟ್ರಾನ್ಸ್‌ಫಾರ್ಮರ್, ವೈರಿಂಗ್ ಎಲ್ಲದರಿಂದಲೂ ಪಿಕಪ್ ಅದನ್ನು ಹಿಡಿದುಕೊಳ್ಳುತ್ತೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ಇದಕ್ಕೊಂದು ಮದ್ದು ಕಂಡುಹಿಡಿದರು. ಎರಡು ಸುರುಳಿ ಇಟ್ಟು, ಒಂದಕ್ಕೊಂದು ಉಲ್ಟಾ ಜೋಡಿಸಿದರೆ ಗುಂಯ್ ಅನ್ನೋದು ಪರಸ್ಪರ ವಜಾ ಆಗುತ್ತೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತೆ. ಇದೇ ಹಂಬಕರ್. ಗಿಬ್ಸನ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿತು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ನಡುವೆ 'ಪೇಟೆಂಟ್‌ಗೆ ಅರ್ಜಿ ಹಾಕಲಾಗಿದೆ' ಅನ್ನೋ ಅರ್ಥದ ಚಿಕ್ಕ ಚೀಟಿಯನ್ನು ಪಿಕಪ್ ಹಿಂದೆ ಅಂಟಿಸಿದರು. ಆ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಇವತ್ತಿಗೂ ಆ ಪಿಕಪ್‌ಗಳನ್ನು ಪಿಎಎಫ್ ಅಂತಾರೆ. ತಮಾಷೆ ಏನಂದ್ರೆ, ಆಮೇಲೆ ಪೇಟೆಂಟ್ ನಂಬರಿನ ಚೀಟಿ ಅಂಟಿಸಲು ಶುರು ಮಾಡಿದಾಗ ಗಿಬ್ಸನ್ ಹಾಕಿದ್ದು ಪಿಕಪ್‌ನ ನಂಬರನ್ನಲ್ಲ. ಲೆಸ್ ಪಾಲ್ ಅವರ ಹೆಸರಲ್ಲಿದ್ದ, ತಂತಿಯ ಬುಡ ಹಿಡಿಯುವ ಭಾಗದ ಪೇಟೆಂಟ್ ನಂಬರನ್ನು!

ಈಗ ಮುಖ್ಯ ವಿಷಯ. ಪ್ರತಿ ಸುರುಳಿಗೆ 5000 ಸುತ್ತು ಅನ್ನೋದು ಕಾಗದದ ಮೇಲಿನ ಲೆಕ್ಕ. ಕಾರ್ಖಾನೆಯಲ್ಲಿ ಅಷ್ಟು ನಿಖರತೆ ಇರಲಿಲ್ಲ. ಸುರುಳಿ ತುಂಬಿದಂತೆ ಕಂಡಾಗ ನಿಲ್ಲಿಸ್ತಿದ್ದರು. ಒಂದರಲ್ಲಿ ಸುತ್ತು ಜಾಸ್ತಿ, ಪಕ್ಕದ್ದರಲ್ಲಿ ಕಡಿಮೆ. ಮ್ಯಾಗ್ನೆಟ್‌ಗಳೂ ಅಷ್ಟೆ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಆಲ್ನಿಕೋ ಮಿಶ್ರಲೋಹದಲ್ಲಿ 2, 3, 4, 5 ಅಂತ ದರ್ಜೆಗಳಿವೆ, ಒಂದೊಂದರ ಬಲ ಒಂದೊಂದು ಥರ. ಯಾವುದು ಸ್ಟಾಕ್‌ನಲ್ಲಿದೆಯೋ ಅದನ್ನೇ ಹಾಕ್ತಿದ್ದರು. ವಾಲ್ಯೂಮ್ ತಿರುಗಣೆಯ ಒಳಗಿನ ಬಿಡಿಭಾಗದಲ್ಲಿ 20 ಪರ್ಸೆಂಟ್ ಆಚೀಚೆ ಆಗೋದು ಆಗಿನ ಕಾಲಕ್ಕೆ ಮಾಮೂಲಿ. ಎಲ್ಲ ಸೇರಿಸಿ ನೋಡಿ: ಒಂದೇ ವಾರ ಕಾರ್ಖಾನೆ ಬಿಟ್ಟ ಎರಡು ಲೆಸ್ ಪಾಲ್‌ಗಳ ನಾದ ಒಂದೇ ಥರ ಇರಬೇಕಾಗಿಯೇ ಇರಲಿಲ್ಲ.

ಅಂದರೆ '1959ರ ನಾದ' ಅನ್ನೋದು ಒಂದು ನಾದ ಅಲ್ಲ, ನೂರಾರು ನಾದಗಳ ಗುಂಪು. ಅದರಲ್ಲಿ ಅದ್ಭುತವಾದವು ಕೆಲವು, ಸಪ್ಪೆಯಾದವು ಕೆಲವು. ಅದ್ಭುತವಾದವು ಒಳ್ಳೆ ಕಲಾವಿದರ ಕೈಗೆ ಹೋಗಿ ರೆಕಾರ್ಡ್‌ಗಳಲ್ಲಿ ಉಳಿದವು. ಸಪ್ಪೆಯಾದವುಗಳ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ.

ಸರಿ, ಆ ರೆಕಾರ್ಡ್‌ಗಳ ವಿಷಯಕ್ಕೆ ಬರ್ತೀನಿ. ನನ್ನ ವಾದವೆಲ್ಲ ನಿಂತಿರೋದು ಇಲ್ಲೇ.

1966ರ ಜುಲೈನಲ್ಲಿ ಲಂಡನ್‌ನಲ್ಲಿ ಒಂದು ಆಲ್ಬಂ ಬಂತು. ಜಾನ್ ಮೇಯಲ್ ಅವರ ಬ್ಲೂಸ್ ತಂಡದ್ದು, ಗಿಟಾರ್ ನುಡಿಸಿದ್ದು ಎರಿಕ್ ಕ್ಲಾಪ್ಟನ್. ಆಗ ಅವರಿಗೆ 21 ವರ್ಷ. ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಲೆಸ್ ಪಾಲ್ ಸನ್‌ಬರ್ಸ್ಟ್, ಎದುರಿಗೆ ಮಾರ್ಷಲ್ ಆಂಪ್. ಸ್ಟುಡಿಯೋದಲ್ಲೂ ಸ್ಟೇಜಿನಷ್ಟೇ ಜೋರಾಗಿ ಇಟ್ಟೇ ನುಡಿಸ್ತೀನಿ ಅಂತ ಹಟ ಹಿಡಿದರು. ವಾಲ್ವ್ ಆಂಪ್‌ನ ಮೇಲೆ ಅಷ್ಟು ಹೊರೆ ಬಿದ್ದಾಗ ದನಿ ಒಡೆಯುತ್ತೆ, ದಪ್ಪವಾಗುತ್ತೆ, ಪಿಟೀಲಿನ ಹಾಗೆ ಉದ್ದಕ್ಕೆ ಎಳೆಯುತ್ತೆ. ಇಂಗ್ಲೆಂಡಿನ ಹುಡುಗರೆಲ್ಲ ಆ ದನಿ ಕೇಳಿ ಲೆಸ್ ಪಾಲ್ ಹುಡುಕೋಕೆ ಹೊರಟರು. ಗಿಬ್ಸನ್ ಅದನ್ನು ನಿಲ್ಲಿಸಿ ಐದಾರು ವರ್ಷ ಆಗಿತ್ತು. ಬೇಡಿಕೆ ಹೆಚ್ಚು, ಸರಕು ಇಲ್ಲ. ಅರ್ಥಶಾಸ್ತ್ರದ ಮೊದಲ ಪಾಠ. ಕ್ಲಾಪ್ಟನ್ ಅವರ ಆ ಗಿಟಾರ್ ಅದೇ ವರ್ಷ ಕಳುವಾಯಿತು ಅನ್ನೋದು ಈ ಪುರಾಣಕ್ಕೆ ಇನ್ನಷ್ಟು ಮೆರುಗು ಕೊಟ್ಟಿತು. 1968ರಲ್ಲಿ ಗಿಬ್ಸನ್ ಲೆಸ್ ಪಾಲ್ ಆಕಾರವನ್ನು ಮತ್ತೆ ಮಾರುಕಟ್ಟೆಗೆ ತಂದಿತು, ಆದರೆ ಜನ ಕೇಳ್ತಿದ್ದ ಸನ್‌ಬರ್ಸ್ಟನ್ನಲ್ಲ. ಹಾಗಾಗಿ ಹಳೆಯದರ ಬೆಲೆ ಏರ್ತಾನೇ ಹೋಯಿತು.

ಈಗ ಲೆಕ್ಕ ಹಾಕಿ. ಕ್ಲಾಪ್ಟನ್ ನುಡಿಸಿದಾಗ ಆ ಗಿಟಾರ್‌ಗೆ ಎಷ್ಟು ವಯಸ್ಸು? ಆರು ವರ್ಷ, ಅಥವಾ ಏಳು. 1969ರ ಆಗಸ್ಟ್‌ನಲ್ಲಿ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿ ಸ್ಟ್ರಾಟೋಕ್ಯಾಸ್ಟರ್ 1968ರದ್ದು. ಒಂದು ವರ್ಷದ ಗಿಟಾರ್! ನಮ್ಮಲ್ಲಿ ಅಷ್ಟು ಹಳೆಯ ಸ್ಕೂಟರ್‌ಗೆ ಇನ್ನೂ ವಾರಂಟಿ ಇರುತ್ತೆ.

ನಾವು 'ವಿಂಟೇಜ್ ಟೋನ್' ಅಂತ ತಲೆಮೇಲೆ ಹೊತ್ತುಕೊಂಡಿರೋ ದನಿ ಹಳೇ ಗಿಟಾರ್‌ನ ದನಿ ಅಲ್ಲ. ಅದು ಹೊಸ ಗಿಟಾರ್‌ನ ದನಿ, ಅಬ್ಬಬ್ಬಾ ಅಂದ್ರೆ ಕೆಲವೇ ವರ್ಷ ಬಳಸಿದ ಗಿಟಾರ್‌ನದ್ದು. ರೆಕಾರ್ಡಿಂಗ್ ಹಳೆಯದಾಗಿದೆ, ನುಡಿಸಿದವರಿಗೆ ವಯಸ್ಸಾಗಿದೆ, ಕೆಲವರು ತೀರಿಕೊಂಡಿದ್ದಾರೆ. ಆದರೆ ಟೇಪ್ ಓಡ್ತಿದ್ದಾಗ ಆ ಮರ ಅರವತ್ತು ವರ್ಷ ಒಣಗಿರಲಿಲ್ಲ. ಹಾಗಿದ್ದ ಮೇಲೆ ಆ ನಾದಕ್ಕೆ ಕಾರಣ ಮರದ ವಯಸ್ಸು ಅಂತ ಹೇಗೆ ಹೇಳ್ತೀರಿ?

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. ಹಳೆಯದರ ಹುಚ್ಚು ಬರೀ ಭ್ರಮೆಯಿಂದ ಹುಟ್ಟಿದ್ದಲ್ಲ. ನಡುವೆ ಒಂದು ಕಾಲಘಟ್ಟದಲ್ಲಿ ಹೊಸ ಗಿಟಾರ್‌ಗಳು ನಿಜವಾಗಿಯೂ ಕೆಟ್ಟವು. ಇಲ್ಲಿ ಕಥೆ ಕ್ಯಾಲಿಫೋರ್ನಿಯಾಕ್ಕೆ, ಗಿಬ್ಸನ್‌ನ ಎದುರಾಳಿ ಫೆಂಡರ್ ಕಂಪನಿಗೆ ಹೋಗುತ್ತೆ.

ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು. ಫುಲ್ಲರ್ಟನ್ ಊರಲ್ಲಿ ಕಾರ್ಖಾನೆ ಇಟ್ಟು, ನೆಕ್ ಬೇರೆ ಬಾಡಿ ಬೇರೆ ಮಾಡಿ ನಾಲ್ಕು ಸ್ಕ್ರೂನಲ್ಲಿ ಬಿಗಿಯುವ ಗಿಟಾರ್ ತಯಾರಿಸಿದರು. 1950ರಲ್ಲಿ ಇವತ್ತಿನ ಟೆಲಿಕ್ಯಾಸ್ಟರ್‌ನ ಮೊದಲ ರೂಪ, 1954ರಲ್ಲಿ ಸ್ಟ್ರಾಟೋಕ್ಯಾಸ್ಟರ್. 1965ರ ಜನವರಿಯಲ್ಲಿ ಅವರು ಕಂಪನಿಯನ್ನು ಸಿಬಿಎಸ್‌ಗೆ ಮಾರಿದರು. ಟಿವಿ, ರೇಡಿಯೋ ಜಾಲದ ದೊಡ್ಡ ಕಂಪನಿ ಅದು. ಬೆಲೆ 1 ಕೋಟಿ 30 ಲಕ್ಷ ಡಾಲರ್.

ಬಿ.ಕಾಂ. ಓದಿದ ನನಗೆ ಈ ಭಾಗ ಪಠ್ಯಪುಸ್ತಕದ ಉದಾಹರಣೆಯ ಹಾಗೆ ಕಾಣುತ್ತೆ. ದೊಡ್ಡ ದುಡ್ಡು ಕೊಟ್ಟು ಕೊಂಡಿದ್ದೀವಿ, ಈಗ ಉತ್ಪಾದನೆ ಏರಿಸಬೇಕು, ಒಂದೊಂದು ಗಿಟಾರ್‌ನ ಖರ್ಚು ಇಳಿಸಬೇಕು. ಇದೆಲ್ಲ ಒಂದೇ ದಿನ ಆಗಲಿಲ್ಲ. 1965ರ ಗಿಟಾರ್‌ಗೂ 64ರದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ; ಕೆಲಸಗಾರರು ಅವರೇ, ಯಂತ್ರ ಅವೇ. 1968ರ ಹೊತ್ತಿಗೆ ತೆಳ್ಳನೆಯ ನೈಟ್ರೋಸೆಲ್ಯುಲೋಸ್ ಮೆರುಗಿನ ಬದಲು ದಪ್ಪನೆಯ ಪಾಲಿಯೆಸ್ಟರ್ ಕೋಟಿಂಗ್ ಬಂತು. 1971ರಲ್ಲಿ ಸ್ಟ್ರಾಟ್‌ನ ನೆಕ್ ಬಿಗಿಯೋಕೆ ನಾಲ್ಕು ಸ್ಕ್ರೂ ಬದಲು ಮೂರು. ಆ ವಿನ್ಯಾಸದಲ್ಲೇ ದೋಷ ಇರಬೇಕಾಗಿರಲಿಲ್ಲ. ಆದರೆ ನೆಕ್ ಕೂರುವ ಗುಂಡಿಯ ಅಳತೆ ಸಡಿಲವಾಗಿ, ನುಡಿಸುವಾಗ ನೆಕ್ ಪಕ್ಕಕ್ಕೆ ಜರುಗುವ ಗಿಟಾರ್‌ಗಳು ಬಂದವು. ದಶಕ ಮುಗಿಯುವಷ್ಟರಲ್ಲಿ ತೂಕವೂ ಏರಿತ್ತು. 'ಸಿಬಿಎಸ್‌ಗೆ ಮುಂಚಿನದು' ಅನ್ನೋದು ಗಿಟಾರ್ ಅಂಗಡಿಗಳಲ್ಲಿ ಒಂದು ಬಿರುದೇ ಆಗಿಹೋಯಿತು. ಗಿಬ್ಸನ್ ಕೂಡ 1969ರ ಕೊನೆಗೆ ಮಾಲೀಕರು ಬದಲಾಗಿ ಹೆಚ್ಚುಕಮ್ಮಿ ಇದೇ ದಾರಿ ಹಿಡಿಯಿತು. ಅದನ್ನು ವಿವರಿಸೋಕೆ ಹೋಗಲ್ಲ, ಊರು ಬೇರೆ, ಕಥೆ ಅದೇ.

ಆ ಖಾಲಿ ಜಾಗಕ್ಕೆ ನುಗ್ಗಿದ್ದು ಜಪಾನ್. ಟೋಕೈ, ಗ್ರೆಕೋ ಅನ್ನೋ ಹೆಸರಿನಲ್ಲಿ, 1950ರ ದಶಕದ ಅಮೆರಿಕನ್ ಗಿಟಾರ್‌ಗಳನ್ನು ಮೂತಿಯ ವಿನ್ಯಾಸದವರೆಗೂ ಕಣ್ಣಿಗೊತ್ತಿಕೊಂಡು ನಕಲು ಮಾಡಿದರು. ಆಗ ಅಮೆರಿಕದಲ್ಲಿ ಸಿಗ್ತಿದ್ದ ಅಸಲಿಗಿಂತ ಈ ನಕಲುಗಳೇ ಹಳೇ ಅಸಲಿಗೆ ಹತ್ತಿರ ಇದ್ದವು. ಫೆಂಡರ್‌ನವರು ಜಾಣತನ ಮಾಡಿ, 1982ರಲ್ಲಿ ಜಪಾನಿನಲ್ಲೇ ಪಾಲುದಾರಿಕೆ ಹಿಡಿದು ಫೂಜಿಗೆನ್ ಕಾರ್ಖಾನೆಯಲ್ಲಿ ತಮ್ಮದೇ ಹಳೇ ಮಾಡೆಲ್‌ಗಳನ್ನು ಮಾಡಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲೂ 1957 ಮತ್ತು 62ರ ಮಾದರಿಗಳನ್ನು ಮತ್ತೆ ತಂದರು. ಹೊಸ ಗಿಟಾರನ್ನು 'ಹಳೆಯದರ ಥರ ಇದೆ' ಅಂತ ಹೇಳಿ ಮಾರುವ ವ್ಯಾಪಾರ ಗಟ್ಟಿಯಾಗಿ ಬೇರು ಬಿಟ್ಟದ್ದು ಆಗಲೇ. 1985ರಲ್ಲಿ ಸಿಬಿಎಸ್ ಕೈತೊಳೆದುಕೊಂಡು, ಬಿಲ್ ಶುಲ್ಟ್ಸ್ ನೇತೃತ್ವದ ಕಂಪನಿಯ ಆಡಳಿತಗಾರರಿಗೇ ಫೆಂಡರನ್ನು 1 ಕೋಟಿ 25 ಲಕ್ಷ ಡಾಲರ್‌ಗೆ ಮಾರಿತು. ಇಪ್ಪತ್ತು ವರ್ಷದಲ್ಲಿ ಅಮೆರಿಕದ ಬೆಲೆಗಳು ಮೂರು ಪಟ್ಟಿಗೂ ಹೆಚ್ಚು ಏರಿದ್ದವು, ಕಂಪನಿ ಮಾತ್ರ ಕೊಂಡದ್ದಕ್ಕಿಂತ ಐದು ಲಕ್ಷ ಕಡಿಮೆಗೆ ಹೋಯಿತು. ಫುಲ್ಲರ್ಟನ್‌ನ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಿರಲಿಲ್ಲ, ಹಾಗಾಗಿ ಹೋಲಿಕೆ ಪೂರ್ತಿ ಸರಿಸಮ ಅಲ್ಲ. ಆದರೂ.

ಈಗ ನೋಡಿ, ಕೇಳುಗರೊಬ್ಬರು ಈಚೆಗೆ ನನಗೆ ಬರೆದಿದ್ದರು. 1970ರ ದಶಕದ ಕೊನೆಯ ಅಮೆರಿಕನ್ ಸ್ಟ್ರಾಟ್ ಒಂದು ಮಾರಾಟಕ್ಕಿದೆ, ಎರಡು ವರ್ಷದ ಉಳಿತಾಯ ಪೂರ್ತಿ ಹೋಗುತ್ತೆ, ತಗೊಳ್ಳಲಾ ಅಂತ. ಯಾವ ಗಿಟಾರ್‌ಗಳನ್ನು ಕೆಟ್ಟವು ಅಂತ ಬೈದು, ಅವುಗಳ ಬದಲು ಹಳೆಯದನ್ನು ಹುಡುಕಿಕೊಂಡು ಹೋದರೋ, ಆ ಗಿಟಾರ್‌ಗಳಿಗೇ ಈಗ ವಿಂಟೇಜ್ ಪಟ್ಟ ಸಿಕ್ಕಿದೆ! ಐವತ್ತು ವರ್ಷ ಆಯಿತಲ್ಲ, ಸಾಕು. ಅವರಿಗೆ ನಾನು ಹೇಳಿದ್ದು ಇಷ್ಟೇ: ನಾದಕ್ಕಾಗಿ ಆದರೆ ಬೇಡ. ಆ ದುಡ್ಡಿನಲ್ಲಿ ಒಂದು ಒಳ್ಳೆ ಹೊಸ ಗಿಟಾರ್, ಒಂದು ಒಳ್ಳೆ ಆಂಪ್, ಎರಡು ವರ್ಷದ ಪಾಠದ ಫೀಸು ಮೂರೂ ಬರುತ್ತೆ. ಕೈಗೆ ತಗೊಂಡು ನುಡಿಸಿದಾಗ ಬಿಡೋಕೇ ಮನಸ್ಸಾಗದಿದ್ದರೆ, ಅದು ಬೇರೆ ಮಾತು.

ಆ 'ಬೇರೆ ಮಾತು' ಏನು ಅಂದರೆ ಕೈಗೆ ಸಿಗುವ ಅನುಭವ. ನಾದದ ವಿಷಯದಲ್ಲಿ ನಾನು ಸಂದೇಹವಾದಿ, ಇದರಲ್ಲಿ ಅಲ್ಲ. ಹಳೇ ಗಿಟಾರ್‌ನ ನೆಕ್ ನಿಜವಾಗಿಯೂ ಬೇರೆ. ವರ್ಷಗಟ್ಟಲೆ ಅಂಗೈ ಉಜ್ಜಿ ಮೆರುಗು ಸವೆದು, ಮರವೇ ಕೈಗೆ ತಾಗುತ್ತೆ, ಬೆವರಿದರೂ ಅಂಟಲ್ಲ. ಫಿಂಗರ್‌ಬೋರ್ಡ್‌ನ ಅಂಚು ಸವೆದು ದುಂಡಗಾಗಿ, ಬೆರಳಿಗೆ ಚುಚ್ಚಲ್ಲ. ಹಳೇ ಒರಳುಕಲ್ಲಿನ ನುಣುಪು ನೆನಪು ಮಾಡಿಕೊಳ್ಳಿ, ಆ ಜಾತಿಯದ್ದು. ಕೈಗೆ ಹಿತವಾದರೆ ಜಾಸ್ತಿ ಹೊತ್ತು ನುಡಿಸ್ತೀವಿ, ಜಾಸ್ತಿ ನುಡಿಸಿದರೆ ಚೆನ್ನಾಗಿ ನುಡಿಸ್ತೀವಿ. ಆಮೇಲೆ ಆ ಶ್ರೇಯಸ್ಸನ್ನು ಮರಕ್ಕೆ ಕೊಡ್ತೀವಿ.

ಕಂಪನಿಗಳಿಗೂ ಇದು ಗೊತ್ತು. 1995ರಲ್ಲಿ ಫೆಂಡರ್ 'ರೆಲಿಕ್' ಅಂತ ಒಂದು ಸಾಲು ತಂದಿತು. ಹೊಸ ಗಿಟಾರ್‌ನ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ನೆಕ್ ಸವೆಸಿ, ಹೆಚ್ಚು ಬೆಲೆಗೆ ಮಾರೋದು. ಗಿಬ್ಸನ್ 2021ರಲ್ಲಿ ಇದಕ್ಕೇ ಮರ್ಫಿ ಲ್ಯಾಬ್ ಅನ್ನೋ ವಿಭಾಗ ತೆರೆಯಿತು, ಮೆರುಗಿನ ಮೇಲೆ ಕೂದಲೆಳೆಯ ಬಿರುಕು ಕೂಡ ಮಾಡಿಕೊಡ್ತಾರೆ. ಜೀನ್ಸ್ ಹರಿದು ಮಾರುವ ಕಾಲದಲ್ಲಿ ಆಶ್ಚರ್ಯ ಇಲ್ಲ ಬಿಡಿ. ಸವೆದ ನೆಕ್‌ಗೆ ದುಡ್ಡು ಕೊಡೋದು ನನಗೆ ಅರ್ಥ ಆಗುತ್ತೆ. ಬೇರೆ ಯಾರದೋ ಬೆಲ್ಟ್ ಬಕಲ್ ಉಜ್ಜಿದ ಗುರುತನ್ನು ಗಿಟಾರ್‌ನ ಬೆನ್ನಿಗೆ ಮಾಡಿಸಿಕೊಳ್ಳೋದು ಅರ್ಥ ಆಗಲ್ಲ.

ಕಣ್ಣು ಕಟ್ಟಿದರೆ ಏನಾಗುತ್ತೆ? ಪಿಟೀಲಿನಲ್ಲಿ ಇದನ್ನು ಗಂಭೀರವಾಗಿ ಮಾಡಿ ನೋಡಿದ್ದಾರೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಹೋಟೆಲ್ ಕೋಣೆಯೊಂದರಲ್ಲಿ ಕ್ಲೌಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 21 ಪಿಟೀಲು ವಾದಕರಿಗೆ ವೆಲ್ಡಿಂಗ್ ಮಾಡುವವರ ಕನ್ನಡಕ ಹಾಕಿಸಿ, ಮಂದ ಬೆಳಕಿನಲ್ಲಿ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಹಳೆಯವು, ಅವುಗಳಲ್ಲಿ ಎರಡು ಸ್ಟ್ರಾಡಿವೇರಿಯಸ್. ಹಳೇ ಮರದ ವಾಸನೆಯಿಂದ ಗುರುತು ಸಿಗಬಾರದು ಅಂತ ಗದ್ದ ಇಡುವ ಜಾಗಕ್ಕೆ ಸುಗಂಧ ಬೇರೆ ಹಚ್ಚಿದ್ದರು. ವಾದಕರು ಅತಿ ಹೆಚ್ಚು ಮೆಚ್ಚಿದ್ದು ಒಂದು ಹೊಸ ಪಿಟೀಲನ್ನು, ಅತಿ ಕಡಿಮೆ ಮೆಚ್ಚಿದ್ದು ಒಂದು ಸ್ಟ್ರಾಡಿವೇರಿಯಸನ್ನು. ಪಿಟೀಲಿನಲ್ಲಿ ಮರವೇ ಎಲ್ಲ. ಅಲ್ಲೇ ಹೀಗಾದ ಮೇಲೆ, ಮರದ ಪಾತ್ರ ಅಷ್ಟು ಕಡಿಮೆ ಇರುವ ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ಏನು ಹೇಳೋದು?

ಮರದ ಮಾತು ಬಂತು. ಇಲ್ಲಿ ನಮ್ಮ ಊರಿನ ನಂಟೂ ಇದೆ. 1950ರ ದಶಕದ ಅನೇಕ ಗಿಟಾರ್‌ಗಳ ಫಿಂಗರ್‌ಬೋರ್ಡ್ ಬ್ರೆಜಿಲ್‌ನ ರೋಸ್‌ವುಡ್. ಆ ಮರ ಸಿಗೋದು ಕಷ್ಟವಾಗ್ತಾ, 1960ರ ದಶಕದ ಮಧ್ಯದಿಂದ ಅಮೆರಿಕದ ಕಂಪನಿಗಳು ಭಾರತದ ರೋಸ್‌ವುಡ್‌ಗೆ ತಿರುಗಿದವು. ಭಾರತದ ರೋಸ್‌ವುಡ್ ಅಂದರೆ ಬೇರೇನಲ್ಲ, ನಮ್ಮ ಬೀಟೆ. ಮಲೆನಾಡು, ಕೊಡಗಿನ ಹಳೇ ಮನೆಗಳ ಮಂಚ, ಕಪಾಟು, ಬಾಗಿಲಲ್ಲಿ ಇರೋದು ಇದೇ ಮರ. ಬ್ರೆಜಿಲ್ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಡಿ ಬಹುತೇಕ ಬೀಗ ಬಿತ್ತು. ಹಳೇ ಗಿಟಾರ್‌ನ ಬೆಲೆಯಲ್ಲಿ ಆ ಬೀಗದ ಪಾಲೂ ಇದೆ. 'ಬ್ರೆಜಿಲ್ ಮರದ ನಾದವೇ ಬೇರೆ' ಅಂತ ಹೇಳುವವರಿದ್ದಾರೆ. ಆರೇಳು ಮಿಲಿಮೀಟರ್ ದಪ್ಪದ ಒಂದು ಪಟ್ಟಿ. ನಮ್ಮ ಬೀಟೆ ಹಾಕಿದರೆ ನಾದ ಕೆಟ್ಟಿತು ಅಂತ ಕಣ್ಣು ಮುಚ್ಚಿ ಹೇಳಬಲ್ಲ ಕಿವಿ ಯಾರಿಗಾದರೂ ಇದ್ದರೆ ನಮಸ್ಕಾರ.

ಬೀಟೆಯಿಂದ ಗಿಬ್ಸನ್‌ಗೆ ಒಂದು ಫಜೀತಿಯೂ ಆಯಿತು. 2011ರ ಆಗಸ್ಟ್ 24ರಂದು ಅಮೆರಿಕದ ಸರ್ಕಾರಿ ಅಧಿಕಾರಿಗಳು ಶಸ್ತ್ರಸಜ್ಜಿತರಾಗಿ ಗಿಬ್ಸನ್ ಕಾರ್ಖಾನೆಗಳಿಗೆ ನುಗ್ಗಿ, ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ಜಗಳ ಇದ್ದದ್ದು ಕಸ್ಟಮ್ಸ್ ಕೋಡ್ ಬಗ್ಗೆ. ಮರದ ಹಾಳೆ 6 ಮಿಲಿಮೀಟರ್‌ವರೆಗೆ ಇದ್ದರೆ ಒಂದು ಕೋಡ್, 4408. ಅದಕ್ಕಿಂತ ದಪ್ಪ ಇದ್ದರೆ ಅದು ಕೊಯ್ದ ಮರ, 4407. ಅಂಥ ದಪ್ಪ ಮರವನ್ನು ಭಾರತದಿಂದ ರಫ್ತು ಮಾಡುವಂತಿಲ್ಲ, ನೀವು ತಂದದ್ದು ಅದನ್ನೇ ಅನ್ನೋದು ಅಮೆರಿಕ ಸರ್ಕಾರದ ವಾದ. ಬಿ.ಕಾಂ. ಕ್ಲಾಸಿನಲ್ಲಿ ಕೋಡ್ ಪಟ್ಟಿ ನೋಡಿ ಆಕಳಿಸಿದವರಿಗೆ ಹೇಳ್ತಿದ್ದೀನಿ, ಒಂದು ಕೋಡ್‌ಗೆ ಬಂದೂಕು ಹಿಡಿದವರು ಬರ್ತಾರೆ! 2012ರಲ್ಲಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿ ಮಾಡಿಕೊಂಡಿತು. ಆ ರಾಜಿಯಲ್ಲಿ ಮುಖ್ಯವಾಗಿ ಇದ್ದದ್ದು ಮಡಗಾಸ್ಕರ್‌ನ ಕರಿಮರದ ಹಳೇ ಪ್ರಕರಣ. ಭಾರತದ ಮರವನ್ನು ಕಂಪನಿಗೆ ವಾಪಸ್ ಕೊಟ್ಟರು.

ಈಗಿನ ಹೊಸ ಗಿಟಾರ್‌ಗಳಿಗೆ ಬರೋಣ. ಕಂಪ್ಯೂಟರ್ ಹೇಳಿದಂತೆ ಯಂತ್ರ ಮರ ಕೊರೆಯುತ್ತೆ, ನೆಕ್ ಗುಂಡಿಗೆ ಬಿಗಿಯಾಗಿ ಕೂರುತ್ತೆ. ಕಡಿಮೆ ಬೆಲೆಯ ಇಂಡೋನೇಷ್ಯಾದ, ಚೀನಾದ ಗಿಟಾರ್‌ನಲ್ಲೂ ಶ್ರುತಿ ನಿಲ್ಲುತ್ತೆ. ಸುರುಳಿಯ ಸುತ್ತನ್ನು ಯಂತ್ರವೇ ಎಣಿಸುತ್ತೆ. ಹತ್ತು ಗಿಟಾರ್ ತಂದರೆ ಹತ್ತೂ ಹೆಚ್ಚುಕಮ್ಮಿ ಒಂದೇ ಥರ. ಕೆಲವರಿಗೆ ಇದೇ ಬೇಜಾರು, ಜೀವ ಇಲ್ಲ ಅಂತಾರೆ. ಅವರು ಜೀವ ಅಂತ ಕರೀತಿರೋದು ಹಳೇ ಕಾರ್ಖಾನೆಯ ಏರುಪೇರನ್ನು ಅಂತ ನನ್ನ ಲೆಕ್ಕ. ಆ ಏರುಪೇರಿಗೂ ಸೊಗಸಿದೆ, ಇಲ್ಲ ಅನ್ನಲ್ಲ. ಸನ್‌ಬರ್ಸ್ಟ್‌ನ ಬಣ್ಣವನ್ನೇ ನೋಡಿ. 1959ರಲ್ಲಿ ಬಳಸಿದ ಕೆಂಪು ಬಣ್ಣ ಬೆಳಕಿಗೆ ನಿಲ್ತಿರಲಿಲ್ಲ, ಅಂಗಡಿಯ ಕಿಟಕಿಯಲ್ಲಿ ನೇತುಹಾಕಿದ ಗಿಟಾರ್‌ಗಳು ಮಾಸಿ ಜೇನಿನ ಬಣ್ಣಕ್ಕೆ, ನಿಂಬೆ ಬಣ್ಣಕ್ಕೆ ತಿರುಗಿದವು. ಗಿಬ್ಸನ್ 1960ರಲ್ಲಿ ಬಣ್ಣ ಬದಲಿಸಿ ಈ ದೋಷವನ್ನು ಸರಿಪಡಿಸಿತು. ಈಗ ಸಂಗ್ರಾಹಕರು ಮುಗಿಬೀಳೋದು ಆ ಮಾಸಿದ ಬಣ್ಣಕ್ಕೇ.

ಹಳೇ ಗಿಟಾರ್‌ನ ಬಿಡಿಭಾಗ ಬದಲಾದರೆ ಬೆಲೆ ಬೀಳುತ್ತೆ ಅನ್ನೋದು ಸಂಗ್ರಾಹಕರ ನಿಯಮ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್ ಆ ನಿಯಮಕ್ಕೆ ಸಿಗಲ್ಲ. ಅವರು ಅದನ್ನು 1970ರಲ್ಲಿ ನ್ಯೂಯಾರ್ಕ್‌ನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡರು, ಸಿಬಿಎಸ್ ಕಾಲದ್ದು. ಆಮೇಲೆ ನೆಕ್ ಬದಲಿಸಿದರು, ಒಂದಲ್ಲ ಹಲವು ಸಲ. ಪಿಕಪ್ ಬದಲಿಸಿದರು, ಸ್ವಿಚ್ ಹಾಕಿದರು, ಬೇಡವಾದಾಗ ತೆಗೆದರು. ಅವರಿಗೆ ಅದು ಕೆಲಸದ ಸಾಮಾನು, ಬಡಗಿಗೆ ಉಳಿ ಇದ್ದ ಹಾಗೆ. 2019ರ ಜೂನ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 39 ಲಕ್ಷ 75 ಸಾವಿರ ಡಾಲರ್‌ಗೆ ಹೋಯಿತು. ಅದೇ ಹರಾಜಿನಲ್ಲಿ 0001 ನಂಬರಿನ 1954ರ ಸ್ಟ್ರಾಟ್ ಕೂಡ ಇತ್ತು, ಸಿಬಿಎಸ್‌ಗೆ ಮುಂಚಿನ ಕಾಲದ್ದು. ಅದಕ್ಕೆ ಬಂದದ್ದು 18 ಲಕ್ಷ 15 ಸಾವಿರ.

ಕೊನೆಯದಾಗಿ ಪೀಟರ್ ಗ್ರೀನ್ ಅವರ ಗಿಟಾರ್. ಜಾನ್ ಮೇಯಲ್ ತಂಡದಲ್ಲಿ ಕ್ಲಾಪ್ಟನ್ ಬಿಟ್ಟ ಜಾಗಕ್ಕೆ ಬಂದವರು ಇವರು, ಆಮೇಲೆ ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದರು. ಅವರ ಬಳಿಯೂ 1959ರ ಲೆಸ್ ಪಾಲ್ ಇತ್ತು. ಎರಡೂ ಪಿಕಪ್ ಒಟ್ಟಿಗೆ ಇಟ್ಟು ನುಡಿಸಿದರೆ ಆ ಗಿಟಾರ್‌ನಿಂದ ಬೇರಾವ ಲೆಸ್ ಪಾಲ್‌ನಿಂದಲೂ ಬರದ ದನಿ ಬರ್ತಿತ್ತು. ತೆಳ್ಳಗೆ, ಟೊಳ್ಳಾಗಿ, ಗಂಟಲು ಕಟ್ಟಿದವರು ಹಾಡಿದ ಹಾಗೆ. ಮರ ಅಂದರು, ಕೈಚಳಕ ಅಂದರು. ಬಿಚ್ಚಿ ನೋಡಿದಾಗ ಸಿಕ್ಕಿದ್ದು ಒಂದು ಪಿಕಪ್‌ನೊಳಗೆ ತಿರುವುಮುರುವಾಗಿ ಕೂತ ಮ್ಯಾಗ್ನೆಟ್. ಗ್ರೀನ್ ಅದನ್ನು ಗ್ಯಾರಿ ಮೂರ್‌ಗೆ ಮಾರಿದರು, 2014ರಲ್ಲಿ ಅದು ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಕೈಗೆ ಬಂತು. ಗಿಬ್ಸನ್ ಈಗ ಅದರ ಪ್ರತಿರೂಪವನ್ನು ಹೊಸದಾಗಿ ತಯಾರಿಸಿ ಮಾರುತ್ತೆ, ಪಿಕಪ್‌ನ ಆ ಉಲ್ಟಾ ದನಿಯನ್ನೂ ಬಿಡದೆ. ಯೂಟ್ಯೂಬ್‌ನಲ್ಲಿ ಹಳೆಯದನ್ನೂ ಹೊಸದನ್ನೂ ನುಡಿಸಿರುವ ವಿಡಿಯೋಗಳು ಸಿಗುತ್ತವೆ. ಪರದೆ ನೋಡದೆ ಕೇಳಿ, ಯಾವುದು ಯಾವುದು ಅಂತ ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡು ನನಗೆ ಕಳಿಸಿ. ಮುಂದಿನ ವಾರ ಸಿಗೋಣ.